ಪ್ರಯೋಗದ ಆಚೆಗಿನ ಹೊಣೆ

ವೈದ್ಯಕೀಯ ಸಂಶೋಧನೆಗಾಗಿ ವಾನರಗಳನ್ನು ಸೆರೆಯಲ್ಲಿಟ್ಟು ಸಾಕುವ ಪದ್ಧತಿಯ ಬಗೆಗಿನ ಚರ್ಚೆ ಬಹುಮಟ್ಟಿಗೆ ಪ್ರಯೋಗ ಬೇಕೋ ಬೇಡವೋ ಎಂಬಲ್ಲಿಗೇ ನಿಂತುಬಿಡುತ್ತದೆ. ಪ್ರಾಣಿಯನ್ನು ಎಲ್ಲಿಂದ ತರಲಾಯಿತು, ಕೆಲಸ ಮುಗಿದ ಮೇಲೆ ಅದನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಗಳು ಬದಿಗೆ ಸರಿಯುತ್ತವೆ. ಮೊದಲ ಪ್ರಶ್ನೆಯನ್ನು ಮಹಾರಾಷ್ಟ್ರದಲ್ಲಿ 2020ರಲ್ಲಿ ನಡೆದ ಕೋವ್ಯಾಕ್ಸಿನ್ ಲಸಿಕೆಯ ಪರೀಕ್ಷೆ ಸ್ಪಷ್ಟವಾಗಿ ಎತ್ತುತ್ತದೆ.

ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ವಿಜ್ಞಾನಿಗಳು 20 ರೀಸಸ್ ಕೋತಿಗಳನ್ನು ಐದೈದರ ನಾಲ್ಕು ಗುಂಪುಗಳಾಗಿ ವಿಂಗಡಿಸಿ, ಮೂರು ಗುಂಪುಗಳಿಗೆ ಲಸಿಕೆಯ ಬೇರೆ ಬೇರೆ ರೂಪಗಳನ್ನೂ ಒಂದಕ್ಕೆ ಔಷಧಾಂಶವಿಲ್ಲದ ಹುಸಿಮದ್ದನ್ನೂ ಕೊಟ್ಟು, ಅನಂತರ ಎಲ್ಲವುಗಳಿಗೂ ಸೋಂಕು ತಗುಲಿಸಿದರು. ಲಸಿಕೆ ಪಡೆದ ಗುಂಪುಗಳ ಶ್ವಾಸಕೋಶದಲ್ಲಿ ನ್ಯುಮೋನಿಯಾ ಕಾಣಲಿಲ್ಲ, ಹುಸಿಮದ್ದಿನ ಗುಂಪಿನಲ್ಲಿ ಕಂಡಿತು. ಪ್ರಶ್ನೆ ಸ್ಪಷ್ಟವಾಗಿತ್ತು, ಪ್ರಾಣಿಗಳ ಸಂಖ್ಯೆ ಮಿತವಾಗಿತ್ತು, ಫಲಿತಾಂಶ 2021ರಲ್ಲಿ ಪ್ರಕಟವಾಗಿ ಎಲ್ಲರ ಪರಿಶೀಲನೆಗೂ ಸಿಕ್ಕಿತು. ಆದ್ದರಿಂದ ವಿಜ್ಞಾನದ ದೃಷ್ಟಿಯಿಂದ ಈ ಅಧ್ಯಯನವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ.

ದೋಷವಿರುವುದು ಅದರ ಹಿಂದಿನ ಹಂತದಲ್ಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಂದಿನ ಮಹಾನಿರ್ದೇಶಕ ಬಲರಾಮ್ ಭಾರ್ಗವ ಅವರು ‘ಗೋಯಿಂಗ್ ವೈರಲ್’ ಎಂಬ ತಮ್ಮ ಪುಸ್ತಕದಲ್ಲಿ ಹೇಳಿರುವಂತೆ, ಪ್ರಯೋಗಾಲಯದಲ್ಲೇ ಬೆಳೆಸಿದ ರೀಸಸ್ ಕೋತಿಗಳು ದೇಶದಲ್ಲಿ ಸಿಗದೆ, ಮೃಗಾಲಯಗಳನ್ನೂ ಸಂಸ್ಥೆಗಳನ್ನೂ ವಿಚಾರಿಸಿದ ಬಳಿಕ, ಅರಣ್ಯ ಇಲಾಖೆಯ ನೆರವಿನಿಂದ ಕಾಡನ್ನು ಜಾಲಾಡಿ, ಕೊನೆಗೆ ನಾಗಪುರದ ಸುತ್ತಮುತ್ತ ಅವುಗಳನ್ನು ಪತ್ತೆಹಚ್ಚಬೇಕಾಯಿತು. ಪುಣೆಯ ತಂಡ ಅಷ್ಟು ದೂರ ಹೋಗಬೇಕಾದುದಕ್ಕೆ ಪ್ರಾಣಿಭೂಗೋಳದ ಕಾರಣವೂ ಇದೆ. ಪಶ್ಚಿಮದಲ್ಲಿ ತಪತಿ, ಪೂರ್ವದಲ್ಲಿ ಗೋದಾವರಿ ನದಿಗಳನ್ನು ರೀಸಸ್ ಕೋತಿಯ ದಕ್ಷಿಣದ ಎಲ್ಲೆಯೆಂದು ಬಹುಕಾಲ ಗುರುತಿಸಲಾಗಿದೆ. ಅಲ್ಲಿಂದ ದಕ್ಷಿಣಕ್ಕೆ, ಕರ್ನಾಟಕವೂ ಸೇರಿದಂತೆ, ತಲೆಯ ಮೇಲೆ ಟೋಪಿಯಂತೆ ಕೂದಲು ಹರಡಿರುವ ಬಾನೆಟ್ ಕೋತಿಯ ನಾಡು. ಪ್ರಯೋಗಾಲಯಗಳು ಹೆಚ್ಚಾಗಿ ನೆಚ್ಚಿಕೊಂಡದ್ದು ರೀಸಸ್ ಕೋತಿಯನ್ನೇ. ಪೋಲಿಯೊ ಲಸಿಕೆಗಾಗಿ ಭಾರತದಿಂದ ಅವು ಭಾರಿ ಸಂಖ್ಯೆಯಲ್ಲಿ ಅಮೆರಿಕಕ್ಕೆ ಹೋದವು. ಲಸಿಕೆ ಮತ್ತು ವೈದ್ಯಕೀಯ ಕೆಲಸಕ್ಕೆ ಮಾತ್ರ ಬಳಸಬೇಕೆಂಬ ಒಪ್ಪಂದವನ್ನು ಮೀರಿ ಅವುಗಳನ್ನು ಸೈನ್ಯದ ವಿಕಿರಣ ಪ್ರಯೋಗಗಳಿಗೂ ಬಳಸಿದ ಸಂಗತಿ ಹೊರಬಿದ್ದ ಮೇಲೆ 1978ರಲ್ಲಿ ಭಾರತ ರಫ್ತನ್ನು ನಿಲ್ಲಿಸಿತು. ಹೊರಗಿನವರಿಗೆ ಕೋತಿಗಳನ್ನು ಕೊಡಲಾರೆನೆಂದ ದೇಶ ನಾಲ್ಕು ದಶಕಗಳ ಬಳಿಕ ತನ್ನ ಅಗತ್ಯಕ್ಕೆ ಮತ್ತೆ ಕಾಡಿಗೇ ಬಲೆ ಹೊತ್ತು ಹೋದದ್ದು ಸಿದ್ಧತೆಯ ಕೊರತೆಯೆಂದೇ ಹೇಳಬೇಕು.

ಎರಡನೆಯ ಪ್ರಶ್ನೆ ಹುಟ್ಟುವುದು ಬದುಕುಳಿಯುವ ಪ್ರಾಣಿಗಳ ವಿಷಯದಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್. ಆರ್. ಮೌದ್ಗಲ್ ಮತ್ತು ಸಂಗಡಿಗರು ಗರ್ಭನಿರೋಧದ ಹೊಸ ದಾರಿಗಾಗಿ ಬಾನೆಟ್ ಕೋತಿಗಳ ಮೇಲೆ ನಡೆಸಿದ ಹಾರ್ಮೋನ್ ಅಧ್ಯಯನಗಳಂಥವು ದೀರ್ಘಕಾಲದವು. ಅಂಥ ಸಂಶೋಧನೆಯಲ್ಲಿ ಪ್ರಾಣಿ ಪ್ರಯೋಗವನ್ನು ದಾಟಿ ಬದುಕುತ್ತದೆ. ಅಮೆರಿಕದ ಚಿಂಪಾಂಜಿಗಳ ಕಥೆ ಈ ಸಮಸ್ಯೆಯ ಅತ್ಯಂತ ದೊಡ್ಡ ಉದಾಹರಣೆ. ಏಡ್ಸ್ ಸಂಶೋಧನೆಗೆಂದು ಅಲ್ಲಿ ನೂರಕ್ಕೂ ಹೆಚ್ಚು ಚಿಂಪಾಂಜಿಗಳಿಗೆ ಎಚ್‌ಐವಿ ಸೋಂಕು ತಗುಲಿಸಲಾಯಿತು, ಆದರೆ ಅವುಗಳಿಗೆ ರೋಗ ಬಂದದ್ದು ತೀರ ವಿರಳ. ಹೀಗೆ ಸಂಶೋಧನೆಗೆ ಬೇಡವಾದರೂ ಸೆರೆಯಲ್ಲೇ ಉಳಿದ ಜೀವಗಳ ಆಜೀವ ಪಾಲನೆಗಾಗಿ 2000ದಲ್ಲಿ ಕಾನೂನೇ ಬಂತು, ಲೂಸಿಯಾನಾದ ‘ಚಿಂಪ್ ಹೇವನ್’ ರಾಷ್ಟ್ರೀಯ ಧಾಮವಾಯಿತು. ರಾಷ್ಟ್ರೀಯ ಆರೋಗ್ಯ ಸಂಸ್ಥೆ 2013ರಲ್ಲಿ ಸುಮಾರು 310 ಚಿಂಪಾಂಜಿಗಳನ್ನು ನಿವೃತ್ತಿಗೊಳಿಸುವ ನಿರ್ಧಾರ ಮಾಡಿ, ಮುಂದಿನ ಅಗತ್ಯಕ್ಕೆಂದು ಉಳಿಸಿಕೊಂಡಿದ್ದ 50ನ್ನೂ 2015ರಲ್ಲಿ ಕೈಬಿಟ್ಟಿತು. ಕಾನೂನಿದ್ದರೂ ಕೆಲವು ಚಿಂಪಾಂಜಿಗಳು ಮುದಿ, ರೋಗಿಷ್ಠವೆಂಬ ಕಾರಣಕ್ಕೆ ನ್ಯೂ ಮೆಕ್ಸಿಕೊದ ಅಲಮೊಗಾರ್ಡೊ ಕೇಂದ್ರದಲ್ಲೇ ಉಳಿದವು. ಹಾಗೆ ಉಳಿಸಿಕೊಂಡದ್ದು ಕಾನೂನಿಗೆ ವಿರುದ್ಧವೆಂದು 2022ರಲ್ಲಿ ನ್ಯಾಯಾಲಯ ಹೇಳಬೇಕಾಯಿತು.

ಭಾರತದ ನಿಯಮ ಬರಹದಲ್ಲಿ ಇದಕ್ಕಿಂತ ಉದಾರವಾಗಿದೆ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಡಿ ರೂಪುಗೊಂಡ ಪ್ರಯೋಗ ನಿಯಮಗಳಿಗೆ 2006ರಲ್ಲಿ ಬಂದ ತಿದ್ದುಪಡಿ, ಪ್ರಯೋಗಾನಂತರದ ಆರೈಕೆ ಮತ್ತು ಪುನರ್ವಸತಿಯ ಹೊಣೆಯನ್ನು ಸಂಶೋಧಕರ ಮೇಲೆಯೇ ಹೊರಿಸಿ, ಅದರ ವೆಚ್ಚ ಸಂಶೋಧನೆಯ ವೆಚ್ಚದ ಭಾಗವೆಂದೂ ಪ್ರಾಣಿಯ ಸಂವೇದನಾಶಕ್ತಿ ಹೆಚ್ಚಿದಷ್ಟೂ ಆ ಮೊತ್ತ ಹೆಚ್ಚಬೇಕೆಂದೂ ಹೇಳುತ್ತದೆ. ನೋವನ್ನಷ್ಟೇ ಅಲ್ಲದೆ ಒಂಟಿತನವನ್ನೂ ಬಲ್ಲ ಕೋತಿಗಳಿಗೆ ಇದಕ್ಕಿಂತ ನ್ಯಾಯವಾದ ಅಳತೆಗೋಲನ್ನು ಕಲ್ಪಿಸುವುದು ಕಷ್ಟ. ಆದರೆ ಕೋತಿಯ ಆಯಸ್ಸು ಇಪ್ಪತ್ತು ವರ್ಷಗಳನ್ನು ದಾಟಬಲ್ಲದು, ಸಂಶೋಧನಾ ಅನುದಾನ ಕೆಲವೇ ವರ್ಷಗಳದ್ದು; ಅನುದಾನ ಮುಗಿದು ಸಂಶೋಧಕ ನಿವೃತ್ತನಾದ ಮೇಲೆ ವ್ಯಕ್ತಿಯ ಮೇಲೆ ಹೊರಿಸಿದ ಹೊಣೆಗೆ ಬಲವಿರುವುದಿಲ್ಲ. ಆದ್ದರಿಂದ ಆ ಹೊಣೆಯನ್ನು ಸಂಸ್ಥೆಗಳೂ ಸರ್ಕಾರವೂ ಕಾಯಂ ನಿಧಿಯ ರೂಪದಲ್ಲಿ ವಹಿಸಿಕೊಳ್ಳಬೇಕು. ಪ್ರಾಣಿ ಎಲ್ಲಿಂದ ಬಂತು, ಅನಂತರ ಎಲ್ಲಿಗೆ ಹೋಯಿತು ಎಂಬ ವಿವರವಿಲ್ಲದ ಯಾವ ವಾನರ ಪ್ರಯೋಗಕ್ಕೂ ನೈತಿಕ ಸಮಿತಿಗಳು ಒಪ್ಪಿಗೆ ಕೊಡಬಾರದು.