ಗೋಲಿಗೆ ಮುಂಚಿನ ಹತ್ತು ಸೆಕೆಂಡು

ಫುಟ್‌ಬಾಲ್ ನೋಡಲು ಹೊಸದಾಗಿ ಕೂತವರ ಕಣ್ಣು ಚೆಂಡಿನ ಬೆನ್ನು ಹತ್ತುತ್ತದೆ. ತಂಡ ಸೋತರೆ ಅದೇ ಕಣ್ಣು ದೂರಲು ಒಂದು ಮುಖ ಹುಡುಕುತ್ತದೆ. ಈ ಎರಡೂ ಚಾಳಿ ಬಿಡಿಸಲು ಮ್ಯಾಂಚೆಸ್ಟರ್ ಯುನೈಟೆಡ್‌ನ 2021-22ರ ಸೀಸನ್‌ಗಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಅದರ ಹಿಂದಿನ ವರ್ಷ ಪ್ರೀಮಿಯರ್ ಲೀಗ್‌ನಲ್ಲಿ 74 ಅಂಕ ಗಳಿಸಿ ಎರಡನೆಯದಾಗಿದ್ದ ತಂಡವದು. 2021ರ ಬೇಸಿಗೆಯಲ್ಲಿ ಕ್ರಿಸ್ಟಿಯಾನೊ ರೊನಾಲ್ಡೊ ಈ ಕ್ಲಬ್‌ಗೆ ಮರಳಿ ಬಂದರು. ಸೀಸನ್ ಕೊನೆಗೆ 58 ಅಂಕ, ಆರನೇ ಸ್ಥಾನ. ಅದೇ ಬೇಸಿಗೆಯಲ್ಲಿ ಡಿಫೆಂಡರ್ ವರಾನ್, ವಿಂಗರ್ ಸ್ಯಾಂಚೊ ಕೂಡ ಬಂದಿದ್ದರು. ಆದರೂ ಬೊಟ್ಟು ಹೆಚ್ಚಾಗಿ ತಿರುಗಿದ್ದು ರೊನಾಲ್ಡೊ ಕಡೆಗೆ. ಅವರು ಪ್ರೆಸ್ ಮಾಡುವುದಿಲ್ಲ, ಅಂದರೆ ಎದುರಾಳಿ ಡಿಫೆಂಡರ್ ಕಾಲಲ್ಲಿ ಚೆಂಡಿದ್ದಾಗ ಮೇಲೆರಗಿ ಕಾಡುವುದಿಲ್ಲ ಎಂಬುದು ದೂರು.

ದೂರಿನಲ್ಲಿ ಹುರುಳಿದೆ. ಮುಂದಿನವನು ಓಡದಿದ್ದರೆ ಎದುರಾಳಿ ಡಿಫೆಂಡರ್ ತಲೆಯೆತ್ತಿ, ನಿಧಾನವಾಗಿ ನೋಡಿ ಪಾಸ್ ಕೊಡುತ್ತಾನೆ. ಆದರೆ ಲೀಗ್‌ನಲ್ಲಿ ತಂಡ ಹೊಡೆದ 57 ಗೋಲುಗಳಲ್ಲಿ 18 ರೊನಾಲ್ಡೊ ಅವರವೇ. ಬಿಟ್ಟುಕೊಟ್ಟದ್ದೂ 57, ಹಿಂದಿನ ವರ್ಷ ಅದು 44 ಇತ್ತು.

ಈಗ ನಿಜವಾದ ಪರೀಕ್ಷೆ: ರೊನಾಲ್ಡೊ ಇಲ್ಲದ ದಿನ ಏನಾಯಿತು? 2022ರ ಮಾರ್ಚ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿ ಎದುರು 4-1, ಏಪ್ರಿಲ್‌ನಲ್ಲಿ ಆನ್‌ಫೀಲ್ಡ್‌ನಲ್ಲಿ ಲಿವರ್‌ಪೂಲ್ ಎದುರು 4-0 ಸೋಲು. ಎರಡರಲ್ಲೂ ರೊನಾಲ್ಡೊ ಆಡಿರಲಿಲ್ಲ. ಯಾರ ಮೇಲಾದರೂ ತಪ್ಪು ಹೊರಿಸುವ ಮುನ್ನ ಇದೊಂದು ಪ್ರಶ್ನೆ ಕೇಳಿಕೊಳ್ಳಿ. ಅರ್ಧ ವಾದ ಅಲ್ಲೇ ಬಿದ್ದುಹೋಗುತ್ತದೆ.

ಉಳಿದರ್ಧಕ್ಕೆ 2021ರ ಅಕ್ಟೋಬರ್ 24ರ ಪಂದ್ಯ ನೋಡಿ. ಓಲ್ಡ್ ಟ್ರಾಫರ್ಡ್‌ನಲ್ಲಿ ಲಿವರ್‌ಪೂಲ್ 5-0 ಗೆದ್ದ ದಿನ, ರೊನಾಲ್ಡೊ ಮೈದಾನದಲ್ಲಿದ್ದರು. ಐದನೇ ನಿಮಿಷದಲ್ಲೇ ಲಿವರ್‌ಪೂಲ್‌ನ ಸಲಾ ಕೊಟ್ಟ ಪಾಸ್‌ಗೆ ಕೀಟಾ ಗೋಲು ಹೊಡೆದರು. ಹೊಡೆತವನ್ನಲ್ಲ, ಅದಕ್ಕೆ ಮುಂಚಿನ ಹತ್ತು ಸೆಕೆಂಡು ನೋಡಿ. ಯುನೈಟೆಡ್‌ನ ಮುಂದಿನವರು ಚೆಂಡಿಗಾಗಿ ಏರಿಹೋಗುತ್ತಾರೆ, ಹಿಂದಿನ ಸಾಲು ಅವರ ಜೊತೆ ಏರುವುದಿಲ್ಲ. ನಡುವೆ ಬಯಲು ತೆರೆದುಕೊಳ್ಳುತ್ತದೆ. ಲಿವರ್‌ಪೂಲ್ ಆಡುವುದು ಆ ಬಯಲಿನಲ್ಲೇ. ಪಂದ್ಯದುದ್ದಕ್ಕೂ ಇದು ಮತ್ತೆ ಮತ್ತೆ ಕಾಣುತ್ತದೆ. ಒಬ್ಬರು ಇನ್ನೊಂದಿಷ್ಟು ಓಡಿದ್ದರೆ ಮುಚ್ಚುವ ಬಯಲಲ್ಲ ಅದು.

ಹಾಗಾದರೆ ಹೊಣೆ ಯಾರದು? ಲೀಗ್ ಶುರುವಾದ ಮೇಲೆ, ಆಗಸ್ಟ್ ಕೊನೆಯಲ್ಲಿ ಇಂಥ ಸ್ಟ್ರೈಕರ್‌ನನ್ನು ತಂದು, ಅವರ ಸುತ್ತ ಆಟವನ್ನು ಹೊಸದಾಗಿ ಹೊಂದಿಸದ ಕ್ಲಬ್‌ನದು ಎನ್ನುತ್ತೇನೆ. ನವೆಂಬರ್‌ನಲ್ಲಿ ಕೋಚ್ ಸೋಲ್ಶಾರ್ ಅವರನ್ನು ತೆಗೆದು, ಪ್ರೆಸಿಂಗ್‌ಗೇ ಹೆಸರಾದ ರಾಂಗ್ನಿಕ್ ಅವರನ್ನು ತಂದರು. ಆದರೆ ಸೀಸನ್ ನಡುವೆ ತಂಡಕ್ಕೆ ಹೊಸ ಓಟ ಕಲಿಸುವಷ್ಟು ಬಿಡುವು ಯಾವ ಕೋಚ್‌ಗೂ ಸಿಗುವುದಿಲ್ಲ.

ಈ ನೋಟ ಟಿವಿಯಲ್ಲಿ ಪಳಗುವುದು ಕಷ್ಟ, ಕ್ಯಾಮೆರಾ ಚೆಂಡನ್ನು ಬಿಡುವುದೇ ಇಲ್ಲ. ಬೆಂಗಳೂರಿನಲ್ಲಿದ್ದರೆ ಪಂದ್ಯ ನೋಡಲು ಕಂಠೀರವ ಕ್ರೀಡಾಂಗಣಕ್ಕೆ ಹೋಗಿ, ಸ್ಟ್ಯಾಂಡ್‌ನ ಮೇಲಿನ ಸಾಲಿನಲ್ಲಿ ಕೂರಿ. ಎದುರಾಳಿ ಗೋಲ್‌ಕೀಪರ್ ಕೈಗೆ ಚೆಂಡು ಬಂದ ತಕ್ಷಣ ಅದನ್ನು ಮರೆತು, ನಿಮ್ಮ ತಂಡದ ಮೂರು ಸಾಲುಗಳ (ಹಿಂದಿನವರು, ನಡುವಿನವರು, ಮುಂದಿನವರು) ನಡುವಿನ ಅಂತರ ಅಳೆಯಿರಿ. ಸ್ಟ್ರೈಕರ್ ಮುನ್ನುಗ್ಗಿದಾಗ ಹಿಂದಿನವರು ಎಷ್ಟು ಹೊತ್ತಿಗೆ ಹೊರಡುತ್ತಾರೆ ಎಂಬುದನ್ನು ಗಮನಿಸಿ.