ಶಾಲಾಬಾಲಕರ ಬ್ಯಾಂಡು ವಾದ್ಯಗೋಷ್ಠಿ

ಭರತಮುನಿಯು ವಾದ್ಯಗಳನ್ನು ತತ, ಅವನದ್ಧ, ಘನ, ಸುಷಿರವೆಂದು ನಾಲ್ಕು ಬಗೆಯಾಗಿ ವಿಭಾಗಿಸಿ, ವಾದಕರ ಮೇಳಕ್ಕೆ ಕುತಪವೆಂಬ ಹೆಸರನ್ನು ಕೊಟ್ಟಿರುವನಷ್ಟೆ. ಈಗ ಶಾಲೆಗಳಲ್ಲಿ ರೂಢಿಗೆ ಬಂದಿರುವ ಬ್ಯಾಂಡಿನಲ್ಲಿ ತಂತಿಯ ವಾದ್ಯವೊಂದನ್ನುಳಿದು ಮಿಕ್ಕ ಮೂರು ಬಗೆಗಳೂ ಇವೆ. ಹೀಗಿರಲಾಗಿ ಅದನ್ನು ಕವಾಯತಿನ ಅಂಗವೆಂದು ತಳ್ಳಿಬಿಡದೆ, ಸಂಗೀತವೆಂದೇ ಎಣಿಸಿ ಗುಣದೋಷಗಳನ್ನು ವಿಚಾರಿಸುವುದು ಯುಕ್ತವು.

ಜಿಲ್ಲೆಯ ಪ್ರೌಢಶಾಲೆಯೊಂದರ ವಾರ್ಷಿಕೋತ್ಸವದಲ್ಲಿ ಈಚೆಗೆ ನಡೆದ ಗೋಷ್ಠಿಯಲ್ಲಿ 22 ಮಂದಿ ಬಾಲಕ ಬಾಲಿಕೆಯರಿದ್ದರು. ಕೊಳಲು ಆರು, ಕ್ಲಾರಿನೆಟ್ಟು ನಾಲ್ಕು, ತುತ್ತೂರಿ ಮೂರು, ಸಣ್ಣ ಡ್ರಮ್ಮುಗಳು ಆರು. ದೊಡ್ಡ ಡ್ರಮ್ಮು, ಕಂಚಿನ ತಾಳ, ತ್ರಿಕೋಣದ ಉಕ್ಕಿನ ಕಂಬಿ ಒಂದೊಂದು. ಮಕ್ಕಳು ಆರು ಗಂಟೆಗೇ ವೇದಿಕೆಯನ್ನೇರಿ ನಿಂತಿದ್ದರು. ಅತಿಥಿಗಳ ಭಾಷಣಗಳು ಮುಗಿಯುವಷ್ಟರಲ್ಲಿ ಏಳು ಹೊಡೆದುಹೋಗಿತ್ತು. ಮಾಗಿಯ ಚಳಿಯೂ ಇಳಿದಿತ್ತು. ಊದುವ ವಾದ್ಯದೊಳಗಿನ ಗಾಳಿಯು ತಣ್ಣಗಾದಂತೆ ಶ್ರುತಿ ಇಳಿಯುವುದು, ಉಸಿರಿನಿಂದ ಬಿಸಿಯಾದಂತೆ ಏರುವುದು. ಅದೂ ಒಂದೊಂದು ವಾದ್ಯದಲ್ಲಿ ಒಂದೊಂದು ಪ್ರಮಾಣದಲ್ಲಿ. ಆದುದರಿಂದ ಆರಂಭಕ್ಕೆ ಮುನ್ನ ಕೆಲವು ನಿಮಿಷ ಊದಿ ಶ್ರುತಿ ಕೂಡಿಸಿಕೊಳ್ಳಲು ಅವಕಾಶವಿರಬೇಕು. ಅದು ದೊರೆಯಲಿಲ್ಲ. ಮೊದಲ ಕೃತಿಯಲ್ಲಿ ಕೇಳಿಬಂದ ಅಪಶ್ರುತಿಗೆ ಹೊಣೆ ಯಾರೆಂಬುದನ್ನು ಭಾಷಣಕಾರರು ವಿಚಾರಿಸಿಕೊಳ್ಳಬಹುದು.

ಆ ಕೃತಿಯ ಆಯ್ಕೆಯಾದರೋ ಪ್ರಶಂಸನೀಯವಾದುದು. ಮುತ್ತುಸ್ವಾಮಿ ದೀಕ್ಷಿತರು (1775–1835) ಇಂಗ್ಲಿಷರ ಬ್ಯಾಂಡಿನ ಮಟ್ಟುಗಳನ್ನು ಕೇಳಿ ಅವಕ್ಕೆ ಸಂಸ್ಕೃತ ಸಾಹಿತ್ಯವನ್ನು ಹೊಂದಿಸಿದ ನೊಟ್ಟುಸ್ವರಗಳಲ್ಲಿ 'ಶ್ಯಾಮಲೇ ಮೀನಾಕ್ಷಿ' ಒಂದು. ಶಂಕರಾಭರಣದ ಸ್ವರಗಳು ಗಮಕದ ತೊಡಕಿಲ್ಲದೆ ಸರಳವಾಗಿ ನಿಲ್ಲುವುದರಿಂದ ಬ್ಯಾಂಡಿಗೆ ಇದಕ್ಕಿಂತ ಸಹಜವಾದುದು ಸಿಕ್ಕದು. ಮೂಲದಲ್ಲಿ ಈ ಮಟ್ಟು ಫ್ರಾನ್ಸ್ ದೇಶದ್ದು. ಇಂಗ್ಲಿಷ್ ಶಿಶುಗಳ ನಕ್ಷತ್ರದ ಪದ್ಯಕ್ಕೂ ಇದೇ ಮಟ್ಟು. ದೀಕ್ಷಿತರ ಹೆಸರನ್ನು ಯಾರೂ ಸಭೆಗೆ ತಿಳಿಸದಿದ್ದುದರಿಂದ ಮುಂದಿನ ಸಾಲಿನವರು ಶಿಶುವಿಹಾರದ ಪಾಠವೆಂದು ಮುಗುಳ್ನಕ್ಕರು.

ಆ ನಗೆಯು ಮರುಗಳಿಗೆಯಲ್ಲೇ ಬೇರೆ ರೂಪ ತಾಳಿತು. ಈ ಮಟ್ಟು ಮೊದಲಲ್ಲೇ ಷಡ್ಜದಿಂದ ಪಂಚಮಕ್ಕೆ ನೆಗೆಯುವುದು. ತುತ್ತೂರಿಯಲ್ಲಿ ಬೆರಳು ಒಂದೇ ಕಡೆ ಇದ್ದರೂ ತುಟಿಯ ಬಿಗಿಯೊಂದರಿಂದಲೇ ಹಲವು ಸ್ವರಗಳು ಹುಟ್ಟುವುವು. ಬಿಗಿಯು ಎಳ್ಳಷ್ಟು ತಪ್ಪಿದರೂ ನಾದವು ಬೇರೊಂದು ಸ್ವರಕ್ಕೆ ಜಾರಿ ಒಡೆಯುವುದು. ತಣ್ಣನೆಯ ಹಿತ್ತಾಳೆಯನ್ನು ತುಟಿಗಿಟ್ಟ ಬಾಲಕನೊಬ್ಬನಿಗೆ ಹಾಗೆಯೇ ಆಯಿತು. ಸಭೆ ಗೊಳ್ಳೆಂದು ನಕ್ಕಿತು. ಕಚೇರಿಯಲ್ಲಿ ವಿದ್ವಾಂಸರ ಕಂಠ ಕೈಕೊಟ್ಟಾಗ ಗಂಭೀರವಾಗಿ ತಲೆದೂಗುವ ಸಭ್ಯರೇ ಇವರು! ಹುಡುಗನು ತುತ್ತೂರಿಯನ್ನು ಎದೆಗವಚಿಕೊಂಡು ನೆಲ ನೋಡುತ್ತ ನಿಂತನು. ಕೃತಿ ಮುಗಿಯುವವರೆಗೆ ಊದಲಿಲ್ಲ.

ಎರಡನೆಯದು ವ್ಯಾಸರಾಯರ 'ಕೃಷ್ಣಾ ನೀ ಬೇಗನೆ ಬಾರೋ'. ಯಮುನಾಕಲ್ಯಾಣಿಯ ಜೀವವಿರುವುದು ಸ್ವರದಿಂದ ಸ್ವರಕ್ಕೆ ಜಾರುವ ಕರೆಯಲ್ಲಿ. ಗುಂಡಿಗಳನ್ನೊತ್ತಿ ನುಡಿಸುವ ತುತ್ತೂರಿಗೆ ಆ ಜಾರು ಸುಲಭಸಾಧ್ಯವಲ್ಲ, ಕ್ಲಾರಿನೆಟ್ಟಿಗೆ ಸಾಧ್ಯ. ಒಬ್ಬ ಬಾಲಿಕೆಯು ಶುದ್ಧಮಧ್ಯಮವನ್ನು ಹಗುರವಾಗಿ ಮುಟ್ಟಿ ಗಾಂಧಾರಕ್ಕಿಳಿದ ರೀತಿ ಬಹು ಮನೋಹರವಾಗಿತ್ತು. ಆದರೆ ಅದನ್ನು ಕೇಳಿದವರೆಷ್ಟು ಮಂದಿ? ಜರಿಯ ಪಟ್ಟಿಗಳು ಕಾಣಲೆಂದು ಡ್ರಮ್ಮಿನವರನ್ನು ಮುಂದೆ ನಿಲ್ಲಿಸಿ, ಕೊಳಲುಗಳನ್ನು ಹಿಂದಕ್ಕೆ ತಳ್ಳಿದ್ದರು. ಕಣ್ಣಿಗೆ ಒಪ್ಪವಾದ ಈ ಏರ್ಪಾಡಿನಲ್ಲಿ ಕಿವಿಗೆ ದಕ್ಕಿದ್ದು ಆರು ಚರ್ಮವಾದ್ಯಗಳ ಆರ್ಭಟವೊಂದೇ. ಮಕ್ಕಳ ಕೈ ತಪ್ಪಿದ್ದು ಕಡಿಮೆ. ಹಿರಿಯರ ವಿವೇಚನೆ ತಪ್ಪಿದ್ದು ಹೆಚ್ಚು. ಅಧ್ಯಾಪಕರು ಕೊಠಡಿಯಲ್ಲಿ ಕಲಿಸಿದುದನ್ನು ಬಯಲಿನಲ್ಲಿ ಹಿಂದಿನ ಸಾಲಿಗೆ ಹೋಗಿ ನಿಂತು ಒಮ್ಮೆ ಕೇಳಿದ್ದರೆ ಸಾಕಾಗಿತ್ತು. ಕವಾಯತಿನ ನಡಿಗೆಯ ಎರಡು ಗತಿಗಳ ವಿಷಯದಲ್ಲಿ ಹೇಳತಕ್ಕದ್ದೇನೂ ಇಲ್ಲ. ಕಾಲು ಕೂಡಿತು, ಅಷ್ಟೆ.

ಕೊನೆಯಲ್ಲಿ ರಾಷ್ಟ್ರಗೀತೆ. ಅದರ ಪೂರ್ಣಪಾಠಕ್ಕೆ ಸುಮಾರು 52 ಸೆಕೆಂಡುಗಳೆಂದು ನಿಯಮವಿದೆ. ಡ್ರಮ್ಮುಗಳ ಗತಿ ಎಳೆದುದರಿಂದ ಇಲ್ಲಿ ನಿಮಿಷಕ್ಕೂ ಮೀರಿತು. ಸಭೆಯು ಎದ್ದು ನಿಂತಿತು. ಅಧ್ಯಾಪಕರು ಆ ಹುಡುಗನ ಕಡೆ ತಿರುಗಿ ಸುಮ್ಮನೆ ಕೈಯೆತ್ತಿದರು. ಅವನೂ ತುತ್ತೂರಿಯನ್ನು ತುಟಿಗಿಟ್ಟನು. ಮೂರು ತುತ್ತೂರಿಗಳ ನಾದದಲ್ಲಿ ಅವನದು ಯಾವುದೆಂದು ಗುರುತಿಸುವಂತಿರಲಿಲ್ಲ.