ಪಾಸ್‌ಬುಕ್ಕಿನಲ್ಲಿ ಕಾಣದ ಷೇರುಪೇಟೆ

ಚೆನ್ನೈನ ಅಂಬತ್ತೂರು ಕೈಗಾರಿಕಾ ಎಸ್ಟೇಟಿನಲ್ಲಿ ಲೇತ್ ಮುಂದೆ ನಿಂತು ದುಡಿಯುವವರನ್ನಾಗಲಿ, ಸಿದ್ಧ ಉಡುಪಿನ ಘಟಕಗಳಲ್ಲಿ ಹೊಲಿಗೆ ಹಾಕುವ ಹೆಂಗಸರನ್ನಾಗಲಿ ಯಾರೂ ಷೇರುಪೇಟೆಯ ಹೂಡಿಕೆದಾರರೆಂದು ಕರೆಯುವುದಿಲ್ಲ. ಅವರೂ ಹಾಗೆಂದುಕೊಂಡಿಲ್ಲ. ಆದರೆ 2015ರ ಆಗಸ್ಟ್‌ನಿಂದ ಅವರ ಪಿಎಫ್ ದುಡ್ಡಿನ ಒಂದು ಪಾಲು ಸೆನ್ಸೆಕ್ಸ್, ನಿಫ್ಟಿ ಸೂಚ್ಯಂಕಗಳ ಬೆನ್ನು ಹಿಡಿದು ನಡೆಯುವ ಇಟಿಎಫ್ ಎಂಬ ಫಂಡುಗಳಿಗೆ ಹೋಗುತ್ತಿದೆ. ಹೊಸದಾಗಿ ಹೂಡುವ ಹಣದಲ್ಲಿ ಮೊದಲು ಶೇ. 5, ಮರುವರ್ಷ ಶೇ. 10, 2017ರಿಂದ ಶೇ. 15. ಏಜೆಂಟರ ಕಾಟವಿಲ್ಲದೆ, ಕಮಿಷನ್ ಕೊಡದೆ ಅವರು ದೇಶದ ದೊಡ್ಡ ಕಂಪನಿಗಳಲ್ಲಿ ಪಾಲು ಪಡೆದಿದ್ದಾರೆ. ಈ ವ್ಯವಸ್ಥೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಆ ಪಾಲನ್ನು ಅದರ ಒಡೆಯರಿಗೇ ತೋರಿಸದಿರುವುದು ಇದರ ದೊಡ್ಡ ಕೊರತೆ.

ಮೆಚ್ಚಲು ಕಾರಣ ಹುಡುಕಿಕೊಂಡು ಅಂಬತ್ತೂರು ಬಿಟ್ಟು ಹೋಗಬೇಕಿಲ್ಲ. ಇಲ್ಲಿ ಡನ್‌ಲಪ್ ಟೈರು ಕಾರ್ಖಾನೆಯಿತ್ತು. ಒಂದು ಕಾಲಕ್ಕೆ ಅಲ್ಲಿ ಕೆಲಸ ಸಿಕ್ಕಿತೆಂದರೆ ಬಾಳು ನೆಲೆಗೊಂಡಂತೆ. ಕಾರ್ಖಾನೆ ಮುಚ್ಚಿತು, 2013ರಲ್ಲಿ ಕಲ್ಕತ್ತಾ ಹೈಕೋರ್ಟು ಕಂಪನಿಯನ್ನೇ ಸಮಾಪನ ಮಾಡಲು ಆದೇಶಿಸಿತು. ದುಡಿದ ಕಂಪನಿಯ ಷೇರಿನಲ್ಲೇ ಉಳಿತಾಯವನ್ನೂ ಇಟ್ಟವರು ಇಂಥ ದಿನ ಕೆಲಸ, ಗಂಟು ಎರಡನ್ನೂ ಕಳೆದುಕೊಳ್ಳುತ್ತಾರೆ. ಸೂಚ್ಯಂಕಕ್ಕೆ ಯಾವ ಕಂಪನಿಯ ಮೇಲೂ ಇಂಥ ಮೋಹವಿಲ್ಲ. ಸೆನ್ಸೆಕ್ಸಿನ ಮೊದಲ ಪಟ್ಟಿಯಲ್ಲಿ ಅಂಬಾಸಡರ್ ಕಾರಿನ ಹಿಂದೂಸ್ತಾನ್ ಮೋಟರ್ಸ್ ಇತ್ತು. ಅದು ಸೊರಗಿದಾಗ ಪಟ್ಟಿಯಿಂದ ಹೊರಬಿತ್ತು, ಬೇರೆ ಕಂಪನಿ ಆ ಜಾಗಕ್ಕೆ ಬಂತು. ಯಾವುದು ಗೆಲ್ಲುತ್ತದೆಂದು ಊಹಿಸಲು ಸಂಬಳದ ಪಂಡಿತರು ಬೇಕಿಲ್ಲವಾದ್ದರಿಂದ ಖರ್ಚೂ ಕಡಿಮೆ.

ಖರ್ಚಿನ ಮಾತನ್ನು ನಮ್ಮ ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ, ವರ್ಷಕ್ಕೆ ಶೇ. 1 ಯಾವ ಮಹಾ ಎನ್ನುತ್ತಾರೆ. ಲೆಕ್ಕ ಹಾಕಿ ನೋಡೋಣ. ತಿಂಗಳಿಗೆ 5,000 ರೂಪಾಯಿಯಂತೆ 30 ವರ್ಷ ಕಟ್ಟಿದರೆ ಕೈಯಿಂದ ಹೋಗುವುದು 18 ಲಕ್ಷ. ಅದು ವರ್ಷಕ್ಕೆ ಶೇ. 11ರಂತೆ ಬೆಳೆದರೆ ಸುಮಾರು 1 ಕೋಟಿ 40 ಲಕ್ಷವಾಗುತ್ತದೆ, ಶೇ. 10ರಂತೆ ಬೆಳೆದರೆ 1 ಕೋಟಿ 13 ಲಕ್ಷ. ನಡುವಿನ ವ್ಯತ್ಯಾಸ 27 ಲಕ್ಷ. ಆ ಒಂದು ಶೇಕಡಾ, ನಾವು ಕಟ್ಟಿದ ಅಷ್ಟೂ ಹಣಕ್ಕಿಂತ ಹೆಚ್ಚನ್ನು ತಿಂದುಹಾಕಿತು. ಸೆಬಿ 2013ರ ಜನವರಿಯಿಂದ ಮ್ಯೂಚುವಲ್ ಫಂಡುಗಳಲ್ಲಿ ಕಮಿಷನ್ ಇಲ್ಲದ ಡೈರೆಕ್ಟ್ ಪ್ಲಾನ್ ಕಡ್ಡಾಯ ಮಾಡಿದ್ದು ಇದಕ್ಕೇ. ಆದರೂ ಬ್ಯಾಂಕಿನ ಮೇಜಿನ ಆಚೆ ಕೂತವರು ಅದರ ಹೆಸರೆತ್ತುವುದು ಅಪರೂಪ.

ಹಾಗಾದರೆ ಪಿಎಫ್ ಒಂದೇ ಸಾಕೇ? ಸಾಲದು. 2014ರಲ್ಲಿ ವೇತನ ಮಿತಿ 15,000 ರೂಪಾಯಿಗೆ ಏರಿತು. ಆ ಮಿತಿಗೇ ಕಟ್ಟುವ ಘಟಕವಾದರೆ ಕಾರ್ಮಿಕರ ಪಾಲು 1,800. ಮಾಲೀಕರ 1,800ರಲ್ಲಿ 1,250 ಪಿಂಚಣಿ ನಿಧಿಗೆ ಹೋಗಿ, ಪಿಎಫ್‌ಗೆ ಉಳಿಯುವುದು 550. ಒಟ್ಟು 2,350. 2024-25ರ ಬಡ್ಡಿದರ ಶೇ. 8.25. ಅದೇ ದರ 30 ವರ್ಷ ನಿಂತರೆ ಸುಮಾರು 34 ಲಕ್ಷ ಸೇರುತ್ತದೆ. ದೊಡ್ಡ ಮೊತ್ತವೇ. ಆದರೆ ಬೆಲೆಗಳು ವರ್ಷಕ್ಕೆ ಶೇ. 5ರಂತೆ ಏರಿದರೆ ಅದಕ್ಕೆ ಇಂದಿನ 8 ಲಕ್ಷದ ಬೆಲೆ. ಪಿಂಚಣಿಯೂ ಅಷ್ಟೆ: 30 ವರ್ಷ ದುಡಿದರೂ ಈ ಮಿತಿಯಲ್ಲಿ ತಿಂಗಳಿಗೆ ಏಳು ಸಾವಿರ ದಾಟುವುದಿಲ್ಲ, ಬೆಲೆ ಏರಿದಂತೆ ಅದು ತಾನಾಗಿ ಏರುವುದೂ ಇಲ್ಲ. ಬೆಂಗಳೂರಿನ ಪೀಣ್ಯದಲ್ಲಿ ದುಡಿಯುವವರಿಗೂ ಲೆಕ್ಕ ಇದೇ.

ಪಿಎಫ್ ಹೊರಗೆ, ಸ್ವಂತವಾಗಿ ಐನೂರೋ ಸಾವಿರವೋ ಸೂಚ್ಯಂಕ ಫಂಡಿಗೆ ಕಟ್ಟುವ ಧೈರ್ಯ ಕಾರ್ಮಿಕರಿಗೆ ಬರಬೇಕು. ಆ ಧೈರ್ಯ ಬರುವ ದಾರಿಯಲ್ಲೇ ಪಿಎಫ್ ಸಂಸ್ಥೆ ಅಡ್ಡ ನಿಂತಿದೆ ಎಂಬುದು ನನ್ನ ತಕರಾರು. 2017ರ ನವೆಂಬರ್‌ನಲ್ಲಿ ಅದರ ಟ್ರಸ್ಟಿಗಳ ಮಂಡಳಿ ಒಂದು ಒಳ್ಳೆಯ ತೀರ್ಮಾನ ಮಾಡಿತ್ತು. ಬೆಂಗಳೂರಿನ ಐಐಎಂ ಜೊತೆ ಸಮಾಲೋಚಿಸಿ ಸಿದ್ಧಪಡಿಸಿದ ಲೆಕ್ಕಪದ್ಧತಿಯನ್ನು ಒಪ್ಪಿ, ಪ್ರತಿ ಸದಸ್ಯರ ಖಾತೆಗೂ ಅವರ ಪಾಲಿನ ಇಟಿಎಫ್ ಯೂನಿಟ್ಟುಗಳನ್ನು ಜಮಾ ಮಾಡುವುದೆಂದು ನಿರ್ಧರಿಸಿತು. ನಗದು ಒಂದು ಕಡೆ, ಯೂನಿಟ್ಟು ಒಂದು ಕಡೆ. ಅದು ಜಾರಿಗೆ ಬರಲಿಲ್ಲ. ಇಂದಿಗೂ ಪಾಸ್‌ಬುಕ್ಕಿನಲ್ಲಿ ಕಾಣುವುದು ನೌಕರರ ಪಾಲು, ಮಾಲೀಕರ ಪಾಲು, ಪಿಂಚಣಿಯ ಪಾಲು, ಬಡ್ಡಿ.

ಷೇರುಪೇಟೆಯ ಕಂಪನ ಆ ಬಡ್ಡಿಯೊಳಗೇ ಅಡಗಿದೆ ಎಂಬುದಕ್ಕೆ 2020 ಸಾಕ್ಷಿ. ಆ ಮಾರ್ಚ್‌ನಲ್ಲಿ ಪೇಟೆ ಕುಸಿದಿತ್ತು. ಸೆಪ್ಟೆಂಬರ್‌ನಲ್ಲಿ ಮಂಡಳಿ, ಘೋಷಿಸಿದ ಶೇ. 8.5ರಲ್ಲಿ 8.15ನ್ನು ಸಾಲಪತ್ರಗಳ ಆದಾಯದಿಂದ, ಉಳಿದ 0.35ನ್ನು ಇಟಿಎಫ್ ಮಾರಿದ ಮೇಲೆ ಕೊಡುವುದಾಗಿ ಹೇಳಿತು. ಬಡ್ಡಿ ತಡವಾಯಿತು ಎಂದಷ್ಟೇ ಬಹುಪಾಲು ಸದಸ್ಯರಿಗೆ ಗೊತ್ತಾಯಿತು. ಕೆಲವೇ ತಿಂಗಳಲ್ಲಿ ಪೇಟೆ ಚೇತರಿಸಿಕೊಂಡಿತು, ಪೂರ್ತಿ ಶೇ. 8.5 ಖಾತೆಗೆ ಬಂತು. ಬಿದ್ದದ್ದು ಏಳುತ್ತದೆ, ಏಳುವವರೆಗೆ ಕಾದವರಿಗೆ ನಷ್ಟವಿಲ್ಲ ಎಂಬ ಪಾಠವನ್ನು ಕೋಟ್ಯಂತರ ಜನ ತಮ್ಮದೇ ಹಣದಲ್ಲಿ ಕಣ್ಣಾರೆ ಕಲಿಯಬಹುದಿತ್ತು. ಕಲಿಯಲಿಲ್ಲ, ಏಕೆಂದರೆ ಯಾರೂ ತೋರಿಸಲಿಲ್ಲ.

ಯೂನಿಟ್ಟು ತೋರಿಸಿದರೆ ಜನ ಹೆದರುತ್ತಾರೆ ಎಂಬ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಕಾರ್ಮಿಕ ಸಂಘಗಳು ಮೊದಲಿಂದಲೂ ಷೇರಿಗೆ ವಿರೋಧ ಹೇಳಿದ್ದು ಇದೇ ಕಳಕಳಿಯಿಂದ, ಅದು ಸಾಚಾ ಕಳಕಳಿ. ಆದರೆ ಹೆದರಿಕೆಯನ್ನು ಮುಚ್ಚಿಟ್ಟರೆ ಏನಾಗುತ್ತದೆ? 58ನೆಯ ವಯಸ್ಸಿನಲ್ಲಿ, ಪೇಟೆಯ ಒಂದು ಏರಿಳಿತವನ್ನೂ ತಿಳಿದು ಅನುಭವಿಸದ ಮನುಷ್ಯರ ಕೈಗೆ ಜೀವಮಾನದ ದುಡಿಮೆ ಒಂದೇ ದಿನ ಬಂದು ಬೀಳುತ್ತದೆ. ಆ ಸುದ್ದಿ ನೆಂಟರಿಗೂ ಏಜೆಂಟರಿಗೂ ಒಟ್ಟಿಗೇ ಮುಟ್ಟುತ್ತದೆ. ಕೆನಡಾದಲ್ಲಿ 1957ರಿಂದ ಇರುವ ಆರ್‌ಆರ್‌ಎಸ್‌ಪಿ ಖಾತೆಯಲ್ಲಿ ಹೂಡಿಕೆ ಆಯುವವರು ಖಾತೆದಾರರೇ. ತಪ್ಪನ್ನೂ ಅವರೇ ಮಾಡುತ್ತಾರೆ ನಿಜ. ಆದರೆ ನಿವೃತ್ತಿಯ ಹೊತ್ತಿಗೆ ತಮ್ಮ ಹಣದ ಏರಿಳಿತವನ್ನು ಹತ್ತಾರು ವರ್ಷ ನೋಡಿರುತ್ತಾರೆ.

ಅಂಬತ್ತೂರಿಗೆ ದೂರವಲ್ಲದ ಅಮಿಂಜಿಕರೈಯಲ್ಲಿ ಕಚೇರಿ ಇಟ್ಟುಕೊಂಡಿದ್ದ ಆರುದ್ರಾ ಗೋಲ್ಡ್ ಎಂಬ ಸಂಸ್ಥೆ ತಿಂಗಳಿಗೆ ಶೇ. 25ರಿಂದ 30 ಕೊಡುವುದಾಗಿ ಆಸೆ ತೋರಿಸಿತ್ತು. ಸುಮಾರು ಒಂದು ಲಕ್ಷ ಜನರಿಂದ 2,438 ಕೋಟಿ ರೂಪಾಯಿ ಸಂಗ್ರಹಿಸಿ ವಂಚಿಸಿದ ಆರೋಪದ ಮೇಲೆ 2022ರಲ್ಲಿ ತಮಿಳುನಾಡಿನ ಆರ್ಥಿಕ ಅಪರಾಧ ದಳ ಮೊಕದ್ದಮೆ ಹೂಡಿತು. 2019ರಲ್ಲಿ ಬೆಂಗಳೂರಿನ ಐಎಂಎ ಹೂಡಿಕೆ ವಂಚನೆ ಪ್ರಕರಣ ಕಂಡವರಿಗೆ ಇದು ಹೊಸ ಕಥೆಯಲ್ಲ. ಈ ಜನರನ್ನು ಆಸೆಬುರುಕರೆಂದು ಬೈಯುವುದು ಅನ್ಯಾಯ. ಷೇರುಪೇಟೆ ವರ್ಷಕ್ಕೆ ಎಷ್ಟು ಕೊಡಬಲ್ಲದು, ಎಷ್ಟು ಬೀಳಬಲ್ಲದು ಎಂಬ ಅಂದಾಜು ಸ್ವಂತ ಪಾಸ್‌ಬುಕ್ಕಿನಿಂದ ಬಂದಿದ್ದರೆ, ತಿಂಗಳಿಗೆ ಶೇ. 25 ಎಂಬ ಮಾತು ಕಿವಿಗೆ ಬಿದ್ದೊಡನೆ ಎದೆ ಝಲ್ಲೆನ್ನುತ್ತಿತ್ತು.

ಇನ್ನೊಂದು ಸೋರಿಕೆ ಪೇಟೆಯ ಕುಸಿತಕ್ಕಿಂತ ಹೆಚ್ಚು ಹಾಳುಮಾಡಿದೆ. ಸಣ್ಣ ಘಟಕಗಳಲ್ಲಿ ಕಾಂಟ್ರಾಕ್ಟರು ಬದಲಾದಾಗಲೆಲ್ಲ ಪಿಎಫ್ ತೆಗೆದುಬಿಡುವುದು ರೂಢಿ. 27ನೆಯ ವಯಸ್ಸಿನಲ್ಲಿ ತೆಗೆದ 60,000 ರೂಪಾಯಿ, ಅಲ್ಲೇ ಇದ್ದು ಶೇ. 8.25ರಂತೆ ಬೆಳೆದಿದ್ದರೆ 58ಕ್ಕೆ 7 ಲಕ್ಷವಾಗುತ್ತಿತ್ತು. ಕೆಲಸ ಬದಲಾದರೂ ಬದಲಾಗದ ಪಿಎಫ್ ಸಂಖ್ಯೆಯಾದ ಯುಎಎನ್ ಬಂದ 2014ರಿಂದ ಖಾತೆ ವರ್ಗಾಯಿಸುವುದು ಸುಲಭವಾಗಿದೆ. 2025ರ ಅಕ್ಟೋಬರ್‌ನಲ್ಲಿ ಮಂಡಳಿ, ಖಾತೆಯಲ್ಲಿ ಶೇ. 25 ಉಳಿಯಲೇಬೇಕು, ಕೆಲಸ ಬಿಟ್ಟವರು ಪೂರ್ತಿ ತೆಗೆಯಲು ಎರಡು ತಿಂಗಳ ಬದಲು 12 ತಿಂಗಳು ಕಾಯಬೇಕು ಎಂದು ತೀರ್ಮಾನಿಸಿತು. ಕೂಗು ಎದ್ದಿತು. ಮನೆ ಬಾಡಿಗೆ, ಮಕ್ಕಳ ಫೀಸಿಗೆ ಅದೇ ಹಣ ನಂಬಿದವರ ಸಂಕಟ ಸಣ್ಣದಲ್ಲ, ಆದರೆ ಉಳಿದ ಶೇ. 75ನ್ನು ಕೂಡಲೇ ತೆಗೆಯಬಹುದು ಎಂಬುದು ಆ ಗದ್ದಲದಲ್ಲಿ ಕೇಳಿಸಲಿಲ್ಲ. ತೀರ್ಮಾನ ಸರಿ ಎಂದೇ ನಾನು ಹೇಳುತ್ತೇನೆ.

ಮುಗಪ್ಪೇರ್‌ನಲ್ಲಿರುವ ಅಂಬತ್ತೂರು ಪ್ರಾದೇಶಿಕ ಪಿಎಫ್ ಕಚೇರಿಯಂಥ ಕಡೆ ನಿವೃತ್ತಿಯ ಅರ್ಜಿ ಹಿಡಿದು ಬರುವವರಿಗೆ ಎರಡು ಸಂಗತಿಗಳನ್ನು ತಮಿಳಿನಲ್ಲೂ ಅವರವರ ಮನೆಮಾತಿನಲ್ಲೂ ಅಚ್ಚು ಹಾಕಿಸಿ ಕೈಗೆ ಕೊಡಬೇಕು. 55 ದಾಟಿ ನಿವೃತ್ತರಾದವರು ಹಣ ತೆಗೆಯದಿದ್ದರೂ ಮೂರು ವರ್ಷ ಬಡ್ಡಿ ಸೇರುತ್ತದೆ; ಅವಸರ ಬೇಡ. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 2023ರಿಂದ 30 ಲಕ್ಷದವರೆಗೆ ಇಡಬಹುದು, ಮೂರು ತಿಂಗಳಿಗೊಮ್ಮೆ ಬಡ್ಡಿ ಕೈಗೆ ಬರುತ್ತದೆ.